ದೊಡ್ಡಮ್ಮನ ರಿಪೋರ್ಟು ಎಷ್ಟು ಕಡೆ ಹೋಯ್ತು?

ಹೋದ ವರ್ಷ ನಮ್ಮ ದೊಡ್ಡಮ್ಮನಿಗೆ ಕುತ್ತಿಗೆ ಹತ್ರ ಒಂದು ಸಣ್ಣ ಗಂಟು ಕಾಣಿಸ್ತು, ಥೈರಾಯ್ಡ್ ಇರ್ಬೇಕು ಅಂತ ಡಾಕ್ಟ್ರು ಸೂಜಿ ಚುಚ್ಚಿ ಸ್ಯಾಂಪಲ್ ತೆಗೆದು ಟೆಸ್ಟಿಗೆ ಕಳಿಸಿದ್ರು. ಎರಡು ದಿನ ಬಿಟ್ಟು ರಿಪೋರ್ಟು ಪಿಡಿಎಫ್ ಆಗಿ ವಾಟ್ಸಾಪಿಗೆ ಬಂತು, ದೊಡ್ಡಮ್ಮನ ಮಗ ನಮ್ಮ ಅಣ್ಣ ಅದನ್ನ ಹಾಗೇ ತಗೊಂಡು ಫ್ಯಾಮಿಲಿ ಗ್ರೂಪಿಗೆ ಹಾಕ್ದ. ಅದ್ರಲ್ಲಿ ಕೊನೇಲಿ ಒಂದು ಸಾಲು, "ಬೆಥೆಸ್ಡಾ ಕ್ಯಾಟಗರಿ 3" ಅಂತ. ಯಾರಿಗೆ ಏನು ಅರ್ಥ ಆಗ್ಬೇಕು? ಡಾಕ್ಟ್ರ ಅಪಾಯಿಂಟ್ಮೆಂಟ್ ಇದ್ದಿದ್ದು ಸೋಮವಾರ, ರಿಪೋರ್ಟ್ ಬಂದಿದ್ದು ಶುಕ್ರವಾರ ರಾತ್ರಿ.

ಮಧ್ಯದ ಎರಡು ದಿನ ಏನಾಯ್ತು ಅಂತ ಆಮೇಲೆ ಹಬ್ಬಕ್ಕೆ ಎಲ್ರೂ ಸೇರಿದಾಗ ಗೊತ್ತಾಯ್ತು. ಅಣ್ಣ ಚಾಟ್‌ಜಿಪಿಟಿಗೆ ಹಾಕಿದ್ದ. ಅತ್ತಿಗೆ ಜೆಮಿನಿಗೆ. ಚಿಕ್ಕಪ್ಪನ ಮಗಳು ವಾಟ್ಸಾಪಲ್ಲೇ ಇರೋ ಆ ನೀಲಿ ಉಂಗುರದ ಮೆಟಾ ಎಐಗೆ. ನಾನೂ ಹಾಕಿದ್ದೆ, ಸುಳ್ಳು ಯಾಕೆ ಹೇಳ್ಲಿ. ಇನ್ನೊಬ್ರೂ ಸೇರಿ ಒಟ್ಟು ಐದು ಜನ ಐದು ಅಕೌಂಟಿಂದ ಅದೇ ಪಿಡಿಎಫ್ ಅಪ್ಲೋಡ್ ಮಾಡಿದ್ವಿ, ಒಂದು ಆ್ಯಪ್ ಗಾಬರಿ ಬೇಡ ಅಂತು, ಇನ್ನೊಂದು ಪರ್ಸೆಂಟೇಜ್ ಎಲ್ಲ ಕೊಟ್ಟು ಅತ್ತಿಗೆ ನಿದ್ದೆ ಕೆಡಿಸ್ತು. ಸೋಮವಾರ ಡಾಕ್ಟ್ರು ನೋಡಿ, ಇದು ಹೌದು ಅಂತಾನೂ ಅಲ್ಲ ಇಲ್ಲ ಅಂತಾನೂ ಅಲ್ಲ, ಕೆಲವು ತಿಂಗಳು ಬಿಟ್ಟು ಮತ್ತೆ ಟೆಸ್ಟ್ ಮಾಡೋಣ ಅಂದ್ರು. ಮಾಡಿದ್ರು, ಏನೂ ಇಲ್ಲ ಅಂತಾಯ್ತು, ದೊಡ್ಡಮ್ಮ ಈಗ ಆರಾಮಾಗಿದ್ದಾರೆ.

ಎಐ ಪ್ರೈವಸಿ ಬಗ್ಗೆ ಬರೆಯೋರೆಲ್ಲ "ನಿಮ್ಮ ಡೇಟಾ ಹುಷಾರು" ಅಂತಾರೆ. ಸರಿ. ಆದ್ರೆ ನಮ್ಮ ಮನೇಲಿ ಆಗಿದ್ದು ನೋಡಿ, ಆ ಐದು ಜನರಲ್ಲಿ ಒಬ್ರೂ ಹಾಕಿದ್ದು ತಮ್ಮ ಡೇಟಾ ಅಲ್ಲ. ರಿಪೋರ್ಟ್ ತಲೆ ಮೇಲೆ ದೊಡ್ಡಮ್ಮನ ಹೆಸರು, ವಯಸ್ಸು, ಮೊಬೈಲ್ ನಂಬರು, ಆಸ್ಪತ್ರೆ ಐಡಿ, ಕಳಿಸಿದ ಡಾಕ್ಟ್ರ ಹೆಸರು ಎಲ್ಲ ಇತ್ತು. ದೊಡ್ಡಮ್ಮ ಮಾತ್ರ ಯಾವ ಆ್ಯಪಲ್ಲೂ ಇಲ್ಲ, ಯಾವ "ಐ ಅಗ್ರೀ" ಬಟನ್ನೂ ಒತ್ತಿಲ್ಲ. ನನ್ನ ಪ್ರಕಾರ ಈ ಜನರೇಟಿವ್ ಎಐ, ಅಂದ್ರೆ ಕೇಳಿದ್ದನ್ನ ಬರೆದು, ಚಿತ್ರ ಮಾಡಿ ಕೊಡೋ ಎಐ ತೊಂದರೆಯ ಮುಕ್ಕಾಲು ಪಾಲು ಇದೇ: ಒಪ್ಪಿಗೆ ಕೊಡೋನು ಒಬ್ಬ, ಬಯಲಾಗೋನು ಇನ್ನೊಬ್ಬ.

ಮೊದ್ಲು ಆ ಫೈಲ್ ಎಲ್ಲಿಗೆ ಹೋಗುತ್ತೆ ನೋಡೋಣ. ಸಾಮಾನ್ಯವಾಗಿ ಈ ಆ್ಯಪ್‌ಗಳಲ್ಲಿ ಕೆಲಸ ಆಗೋದು ನಿಮ್ಮ ಫೋನಲ್ಲಲ್ಲ, ಫೈಲು ಪೂರ್ತಿ ಕಂಪನಿ ಸರ್ವರಿಗೆ ಹೋಗುತ್ತೆ, ಅಲ್ಲಿ ನಿಮ್ಮ ಅಕೌಂಟ್ ಹೆಸರಲ್ಲಿ ಹಿಸ್ಟರಿಯಾಗಿ ಕೂತ್ಕೊಳ್ಳುತ್ತೆ. ಇದು ಮೊದಲನೇ ಜಾಗ. ಎರಡನೇದು ಮನುಷ್ಯರ ಕಣ್ಣು. ಜೆಮಿನಿಯ ಪ್ರೈವಸಿ ಪುಟದಲ್ಲಿ ಗೂಗಲ್ಲೇ ಬರ್ಕೊಂಡಿದೆ, ಕೆಲವು ಚಾಟ್‌ಗಳನ್ನ ಮನುಷ್ಯರು ಓದಿ ಪರಿಶೀಲಿಸ್ತಾರೆ, ಹಾಗೆ ಓದಿದ್ದನ್ನ ಅಕೌಂಟಿಂದ ಬೇರ್ಪಡಿಸಿ 3 ವರ್ಷದವರೆಗೂ ಇಟ್ಕೊಳ್ಳಬಹುದು, ಆದ್ರಿಂದ ಯಾರಾದ್ರೂ ನೋಡಿದ್ರೆ ಬೇಜಾರಾಗುವಂಥ ಗುಟ್ಟು ಏನೂ ಹಾಕ್ಬೇಡಿ ಅಂತ. ಅಕೌಂಟಿಂದ ಬೇರ್ಪಡಿಸೋದು ಅಂದ್ರೆ ನನ್ನ ಅಕೌಂಟಿಂದ. ಪಿಡಿಎಫ್ ಒಳಗಿರೋ ದೊಡ್ಡಮ್ಮನ ಹೆಸರು ಅದ್ರಷ್ಟಕ್ಕೇ ಅಳಿಸಿ ಹೋಗಲ್ಲವಲ್ಲ.

ಮೂರನೇ ಜಾಗ ಟ್ರೈನಿಂಗ್, ಅಂದ್ರೆ ನಾವು ಹಾಕಿದ್ದನ್ನ ಎಐಗೆ ಕಲಿಸೋಕೆ ಬಳಸೋದು. ಇದನ್ನೇ ಜನ ಸರಿಯಾಗಿ ಅರ್ಥ ಮಾಡ್ಕೊಳ್ಳೋದು ಕಮ್ಮಿ. ಎಐ ಮಾಡೆಲ್ ಅನ್ನೋದು ಬೀರು ಅಲ್ಲ, ಅದ್ರೊಳಗೆ ಫೈಲುಗಳು ಜೋಡಿಸಿ ಇಟ್ಟಿರಲ್ಲ. ಕೋಟಿಗಟ್ಟಲೆ ವಾಕ್ಯ ಓದಿಸಿ ಮುಂದಿನ ಪದ ಯಾವುದು ಬರಬಹುದು ಅಂತ ಊಹೆ ಮಾಡಿಸ್ತಾರೆ, ತಪ್ಪಾದಾಗೆಲ್ಲ ಒಳಗಿನ ಸಂಖ್ಯೆಗಳನ್ನ ಚೂರು ಚೂರು ತಿದ್ದುತ್ತಾ ಹೋಗ್ತಾರೆ, ಕೊನೆಗೆ ಉಳಿಯೋದು ಬರೀ ಸಂಖ್ಯೆಗಳ ರಾಶಿ. ಹಾಗಾದ್ರೆ ಸೇಫ್ ಅಲ್ವಾ ಅಂತ ಕೇಳಬಹುದು. ಪೂರ್ತಿ ಅಲ್ಲ. 2023ರ ನವೆಂಬರ್‌ನಲ್ಲಿ ಗೂಗಲ್ ಡೀಪ್‌ಮೈಂಡ್‌ನವರೂ ಸೇರಿದಂತೆ ಕೆಲವು ಸಂಶೋಧಕರು ಒಂದು ತಮಾಷೆ ಅನ್ನಿಸೋ ಪ್ರಯೋಗ ಪ್ರಕಟಿಸಿದ್ರು. ಚಾಟ್‌ಜಿಪಿಟಿಗೆ "ಪೋಯಮ್" ಅನ್ನೋ ಒಂದೇ ಪದವನ್ನ ಹೇಳ್ತಾನೇ ಇರು ಅಂದ್ರು, ಅದು ಹೇಳ್ತಾ ಹೇಳ್ತಾ ಒಂದು ಹಂತದಲ್ಲಿ ದಾರಿ ತಪ್ಪಿ ತಾನು ಟ್ರೈನಿಂಗಲ್ಲಿ ಓದಿದ್ದನ್ನೇ ಕಕ್ಕೋಕೆ ಶುರು ಮಾಡ್ತು, ಅದ್ರಲ್ಲಿ ನಿಜವಾದ ಮನುಷ್ಯರ ಇಮೇಲು, ಫೋನ್ ನಂಬರ್ ಎಲ್ಲ ಇತ್ತು. ಅವರಿಗೆ ಖರ್ಚಾಗಿದ್ದು ಸುಮಾರು 200 ಡಾಲರ್ ಅಷ್ಟೆ. ಆ ರಂಧ್ರ ಮುಚ್ಚಿದ್ರು, ಆದ್ರೆ ಮಾಡೆಲ್ ಕೆಲವು ವಿಷಯ ಅಕ್ಷರ ಬಿಡದೆ ಬಾಯಿಪಾಠ ಮಾಡ್ಕೊಂಡಿರುತ್ತೆ ಅನ್ನೋದು ಸಾಬೀತಾಯ್ತು. ಹಾಗೆ ಒಳಗೆ ಹೋಗಿದ್ದನ್ನ ಹೊರಗೆ ತೆಗೀರಿ ಅಂದ್ರೆ ಸಾರಿಗೆ ಬಿದ್ದ ಉಪ್ಪನ್ನ ವಾಪಸ್ ಕೊಡಿ ಅಂದಂಗೆ. ಹಿಸ್ಟರಿಯಿಂದ ಚಾಟ್ ಡಿಲೀಟ್ ಮಾಡಿದ್ರೆ ಉಪ್ಪಿನ ಡಬ್ಬಿ ಮುಚ್ಚಳ ಹಾಕಿದಂಗಷ್ಟೆ, ಸಾರಿಗೆ ಬಿದ್ದಿದ್ದು ಬಿತ್ತು.

ಇನ್ನು ಡಿಲೀಟ್ ವಿಷಯಕ್ಕೇ ಬಂದ್ರೆ, ಅದೂ ನಮ್ಮ ಕೈಯಲ್ಲಿ ಪೂರ್ತಿ ಇಲ್ಲ. ಡಿಲೀಟ್ ಮಾಡಿದ ಚಾಟನ್ನ 30 ದಿನದಲ್ಲಿ ತೆಗೀತೀವಿ ಅಂತ ಚಾಟ್‌ಜಿಪಿಟಿ ಮಾಡಿದ ಕಂಪನಿ ಓಪನ್‌ಎಐ ಹೇಳುತ್ತೆ. ಆದ್ರೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಕಾಪಿರೈಟ್ ವಿಷಯಕ್ಕೆ ಹಾಕಿದ ಕೇಸಲ್ಲಿ 2025ರ ಮೇನಲ್ಲಿ ಕೋರ್ಟು, ಏನನ್ನೂ ಅಳಿಸ್ಬೇಡಿ ಎತ್ತಿಡಿ ಅಂತ ಆದೇಶ ಮಾಡ್ತು, ಸೆಪ್ಟೆಂಬರ್‌ವರೆಗೂ ಸಾಮಾನ್ಯ ಬಳಕೆದಾರರು ಡಿಲೀಟ್ ಒತ್ತಿದ ಚಾಟುಗಳೂ ಎಲ್ಲೋ ಉಳಿದುಕೊಂಡ್ವು. ಪತ್ರಿಕೆಗೂ ಕಂಪನಿಗೂ ಜಗಳ, ಮಧ್ಯದಲ್ಲಿ ಯಾರದ್ದೋ ಮನೆ ವಿಷಯ. ಎಐ ಹತ್ರ ಹೇಳ್ಕೊಂಡ ಕಷ್ಟಕ್ಕೆ ವಕೀಲರ ಹತ್ರ, ಡಾಕ್ಟ್ರ ಹತ್ರ ಹೇಳ್ಕೊಂಡಾಗ ಸಿಗೋ ಥರದ ಕಾನೂನು ರಕ್ಷಣೆ ಇಲ್ಲ, ಕೋರ್ಟ್ ಕೇಳಿದ್ರೆ ನಾವು ಕೊಡಬೇಕಾಗಬಹುದು ಅಂತ ಓಪನ್‌ಎಐ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ ಅದೇ ವರ್ಷ ಜುಲೈನಲ್ಲಿ ಒಂದು ಪಾಡ್‌ಕಾಸ್ಟಲ್ಲಿ ತಾನೇ ಒಪ್ಕೊಂಡ.

ಇದನ್ನೆಲ್ಲ ನಾನು ದೊಡ್ಡಮ್ಮನಿಗೆ ನನಗೆ ಬಂದಷ್ಟು ಬಿಡಿಸಿ ಹೇಳ್ದೆ, ನಿಮ್ಮ ರಿಪೋರ್ಟು ಅಮೆರಿಕದ ಕಂಪನಿಗಳ ಹತ್ರ ಇದೆ ಅಂತ. ಅವರು ಹುರುಳಿಕಾಯಿ ನಾರು ತೆಗೀತಾ ಕೂತಿದ್ರು, ತಲೆ ಎತ್ತದೆ, "ಅಮೆರಿಕದವ್ರು ನೋಡಿದ್ರೆ ನೋಡ್ಕೊಳ್ಲಿ ಬಿಡೋ, ಶಿವಮೊಗ್ಗದವ್ರು ನೋಡ್ಬಾರ್ದು ಅಷ್ಟೆ" ಅಂದ್ರು. ಆಗ ಅಕ್ಕನ ಮದುವೆ ಮಾತುಕತೆ ಶಿವಮೊಗ್ಗ ಕಡೆ ನಡೀತಿತ್ತು, ಗಂಟು ಅನ್ನೋ ಪದ ಅವರ ಕಿವಿಗೆ ಬಿದ್ರೆ ಏನಾಗುತ್ತೆ ಅಂತ ಹೇಳಬೇಕಿಲ್ಲ.

ನಾನು ಮೊದ್ಲು ನಕ್ಕೆ. ಆಮೇಲೆ ಯೋಚನೆ ಮಾಡಿದ್ರೆ ಅವರು ಹೇಳಿದ್ದೇ ಸರಿ ಅನ್ನಿಸ್ತು. ಪ್ರೈವಸಿ ಅಂದ್ರೆ ಯಾರಿಗೂ ಏನೂ ಗೊತ್ತಾಗಬಾರದು ಅಂತಲ್ಲ, ಯಾವ ವಿಷಯ ಯಾರಿಗೆ ಗೊತ್ತಿರಬೇಕೋ ಅವರಲ್ಲೇ ನಿಲ್ಲಬೇಕು ಅಂತ. ಡಾಕ್ಟ್ರಿಗೆ ಗೊತ್ತಿದ್ರೆ ಸರಿ, ಬೀಗರಾಗೋರಿಗೆ ಗೊತ್ತಾದ್ರೆ ಅನಾಹುತ. ಕಷ್ಟ ಏನಂದ್ರೆ ಅಮೆರಿಕದಿಂದ ಶಿವಮೊಗ್ಗಕ್ಕೆ ದಾರಿ ಇಲ್ಲ ಅಂತೇನಿಲ್ಲ. 2023ರ ಮಾರ್ಚ್ 20ಕ್ಕೆ ಚಾಟ್‌ಜಿಪಿಟಿಯಲ್ಲಿ ಒಂದು ಬಗ್‌ನಿಂದ ಕೆಲವರಿಗೆ ತಮ್ಮ ಹಿಸ್ಟರಿ ಜಾಗದಲ್ಲಿ ಯಾರೋ ಗೊತ್ತಿಲ್ಲದವರ ಚಾಟ್ ಟೈಟಲ್ ಕಾಣಿಸ್ತು, ಆ ಒಂಬತ್ತು ಗಂಟೆ ಅವಧಿಯಲ್ಲಿ ಆ್ಯಕ್ಟಿವ್ ಇದ್ದ ಪ್ಲಸ್ ಚಂದಾದಾರರಲ್ಲಿ 1.2 ಪರ್ಸೆಂಟ್ ಜನರ ಹೆಸರು, ಇಮೇಲು, ಕಾರ್ಡಿನ ಕೊನೆ ನಾಲ್ಕಂಕಿ ಬೇರೆಯವರಿಗೆ ಕಂಡಿರಬಹುದು ಅಂತ ಕಂಪನಿನೇ ಹೇಳ್ತು. ಅದು ಬಗ್, ಇರ್ಲಿ. 2025ರ ಜುಲೈ ಕೊನೇಲಿ ಆಗಿದ್ದು ಬಗ್ ಕೂಡ ಅಲ್ಲ. ಚಾಟ್‌ಜಿಪಿಟಿಯಲ್ಲಿ ಚಾಟನ್ನ ಲಿಂಕ್ ಮಾಡಿ ಶೇರ್ ಮಾಡೋವಾಗ "ಸರ್ಚಲ್ಲಿ ಕಾಣಲಿ" ಅನ್ನೋ ಥರದ ಒಂದು ಟಿಕ್ ಬಾಕ್ಸ್ ಇತ್ತು, ಎಷ್ಟೋ ಜನ ಓದದೆ ಒತ್ತಿದ್ರು, ಅವರ ಚಾಟುಗಳು ಗೂಗಲ್ ಸರ್ಚಲ್ಲಿ ಬರೋಕೆ ಶುರುವಾದ್ವು, ಖಾಯಿಲೆ, ಮನೆ ಜಗಳ, ಕೆಲಸದ ಕಷ್ಟ ಎಲ್ಲ. ಗಲಾಟೆ ಆದ್ಮೇಲೆ ಆ ಫೀಚರ್ ತೆಗೆದ್ರು. ನಮ್ಮ ಅತ್ತಿಗೆನೂ ಆಮೇಲೆ ತಮ್ಮ ಜೆಮಿನಿ ಚಾಟ್ ಲಿಂಕನ್ನ ಗ್ರೂಪಿಗೆ ಶೇರ್ ಮಾಡಿದ್ರು ನೋಡಿ, ಪುಣ್ಯಕ್ಕೆ ಏನೂ ಆಗಲಿಲ್ಲ.

ಆಫೀಸುಗಳ ಕಥೆನೂ ಇದೇ. 2023ರಲ್ಲಿ ಸ್ಯಾಮ್‌ಸಂಗ್ ಎಂಜಿನಿಯರ್‌ಗಳು ಕಂಪನಿ ಸೋರ್ಸ್ ಕೋಡನ್ನ ಚಾಟ್‌ಜಿಪಿಟಿಗೆ ಹಾಕಿದ್ದು ದೊಡ್ಡ ಸುದ್ದಿ ಆಯ್ತು, ಆದ್ರೆ ಅದೇ ಸುದ್ದೀಲಿ ಇನ್ನೊಂದು ವಿಷಯ ಇತ್ತು, ಒಬ್ಬರು ಮೀಟಿಂಗ್ ರೆಕಾರ್ಡಿಂಗನ್ನೇ ಟೆಕ್ಸ್ಟ್ ಮಾಡಿ ನಡಾವಳಿ ಬರೆಸೋಕೆ ಹಾಕಿದ್ರಂತೆ. ಆ ಮೀಟಿಂಗಲ್ಲಿ ಮಾತಾಡಿದೋರನ್ನ ಯಾರು ಕೇಳಿದ್ರು? ಆ ವರ್ಷ ಮೇನಲ್ಲಿ ಸ್ಯಾಮ್‌ಸಂಗ್ ಕಂಪನಿ ಸಾಧನಗಳಲ್ಲಿ ಇಂಥ ಟೂಲ್‌ಗಳನ್ನ ನಿಷೇಧಿಸ್ತು. ನಮ್ಮ ಕೇಂದ್ರ ಹಣಕಾಸು ಸಚಿವಾಲಯ ಕೂಡ 2025ರ ಜನವರಿಯಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್ ಥರದ್ದನ್ನ ಆಫೀಸ್ ಕಂಪ್ಯೂಟರಲ್ಲಿ ಬಳಸ್ಬೇಡಿ ಅಂತ ನೌಕರರಿಗೆ ಸೂಚನೆ ಕೊಟ್ಟಿತ್ತು. ಆದ್ರೆ ಶಾಲೆ, ಬ್ಯಾಂಕು, ಸೊಸೈಟಿ, ಅಪಾರ್ಟ್ಮೆಂಟ್ ಅಸೋಸಿಯೇಷನ್ ಇಲ್ಲೆಲ್ಲ ದಿನಾ ನಡೀತಿರೋದನ್ನ ಯಾರು ತಡೀತಾರೆ, ಮೇಷ್ಟ್ರು ಮಕ್ಕಳ ಮಾರ್ಕ್ಸ್ ಪಟ್ಟಿ ಹಾಕಿ ಪ್ರತಿ ಮಗುಗೂ ಒಂದೊಂದು ಕಾಮೆಂಟ್ ಬರ್ಕೊಡು ಅಂತಾರೆ, ಸೆಕ್ರೆಟರಿ ಮೇಂಟೆನೆನ್ಸ್ ಬಾಕಿ ಇಟ್ಟವರ ಲಿಸ್ಟ್ ಫ್ಲ್ಯಾಟ್ ನಂಬರ್ ಸಮೇತ ಹಾಕಿ ಖಡಕ್ಕಾಗಿ ಒಂದು ನೋಟಿಸ್ ಬರಿ ಅಂತಾರೆ, ಇಬ್ರೂ ಒಳ್ಳೆ ಕೆಲಸನೇ ಮಾಡ್ತಿದ್ದಾರೆ.

ಕಾನೂನು ಇಲ್ವಾ? ಇದೆ, ಮತ್ತೆ ಅದ್ರ ಬೇರು ನಮ್ಮೂರ ಹತ್ರಾನೇ ಇದೆ. ಪ್ರೈವಸಿ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ಕ್ಕೆ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಕೇಸಲ್ಲಿ, ಎಂಬತ್ತು ದಾಟಿದ ವಯಸ್ಸಲ್ಲಿ 2012ರಲ್ಲಿ ಆಧಾರ್ ವಿರುದ್ಧ ಕೋರ್ಟಿಗೆ ಹೋದವರು ಅವರು. ಅದಾದ್ಮೇಲೆ ಬಂದಿದ್ದೇ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ನಿಯಮಗಳು ಬಂದಿದ್ದು 2025ರ ನವೆಂಬರ್‌ನಲ್ಲಿ, ಮುಖ್ಯವಾದ ಹೊಣೆಗಳಿಗೆ ಕಂಪನಿಗಳಿಗೆ 18 ತಿಂಗಳ ಟೈಮ್ ಕೊಟ್ಟಿದ್ದಾರೆ. ತಪ್ಪಿದ್ರೆ ದಂಡ 250 ಕೋಟಿ ರೂಪಾಯಿವರೆಗೂ ಇದೆ, ಕೇಳೋಕೆ ಚೆನ್ನಾಗಿದೆ.

ಆದ್ರೆ ಮೂರನೇ ಸೆಕ್ಷನ್ ಓದಿ ನೋಡಿ. ಒಬ್ಬ ವ್ಯಕ್ತಿ ಸ್ವಂತಕ್ಕೋ ಮನೆ ಕೆಲಸಕ್ಕೋ ಡೇಟಾ ಬಳಸಿದ್ರೆ ಕಾಯ್ದೆ ಅನ್ವಯ ಆಗಲ್ಲ. ಅಂದ್ರೆ ದೊಡ್ಡಮ್ಮನ ರಿಪೋರ್ಟ್ ಹಾಕಿದ ನನಗೆ, ಅಣ್ಣನಿಗೆ, ಅತ್ತಿಗೆಗೆ ಕಾನೂನಿನ ಲೆಕ್ಕದಲ್ಲಿ ಏನೂ ಆಗಲ್ಲ. ತಾನೇ ಪಬ್ಲಿಕ್ಕಾಗಿ ಹಾಕಿದ ಡೇಟಾಗೂ ಅನ್ವಯ ಆಗಲ್ಲ, ನೀವು ಎಲ್ರಿಗೂ ಕಾಣೋ ಹಂಗೆ ಇನ್‌ಸ್ಟಾಗೆ ಹಾಕಿದ ಫೋಟೋ ಅದ್ರಲ್ಲಿ ಬಂತು. ಕಂಪನಿಗೆ ಕಾನೂನಿದೆ ಸರಿ, ಆದ್ರೆ ಕಂಪನಿ ಕೇಳಿದ್ರೆ ಏನು ಹೇಳುತ್ತೆ ಗೊತ್ತಾ? ನಾವು ಯಾರೂ ಓದದ ಆ ಷರತ್ತುಗಳ ಪುಟದಲ್ಲಿ ಒಂದು ಸಾಲಿದೆ, ಓಪನ್‌ಎಐದು ನಾನು ಓದ್ದೆ, ನೀವು ಹಾಕೋ ವಿಷಯಕ್ಕೆ ಬೇಕಾದ ಎಲ್ಲ ಹಕ್ಕು, ಅನುಮತಿ ನಿಮ್ಮ ಹತ್ರ ಇದೆ ಅಂತ ನೀವು ಖಾತ್ರಿ ಕೊಡ್ತೀರಿ ಅಂತ ಅದ್ರ ಅರ್ಥ. ಅಂದ್ರೆ ನಾನು ಪಿಡಿಎಫ್ ಎಳೆದು ಹಾಕಿದ ಕ್ಷಣಾನೇ, ದೊಡ್ಡಮ್ಮನ ಒಪ್ಪಿಗೆ ನನ್ನ ಹತ್ರ ಇದೆ ಅಂತ ಸುಳ್ಳು ಸಾಕ್ಷಿ ಹೇಳಿದಂಗಾಯ್ತು. ಜವಾಬ್ದಾರಿ ನನ್ನ ಮೇಲೆ, ಕಾನೂನು ನನ್ನನ್ನ ಮುಟ್ಟಲ್ಲ, ಕೂಸು ಯಾರದ್ದೂ ಅಲ್ಲ.

ಫೋಟೋಗಳಲ್ಲಿ ಇದು ಇನ್ನೂ ಜಾಸ್ತಿ. 2025ರ ಮಾರ್ಚಲ್ಲಿ ಫೋಟೋನ ಜಪಾನಿ ಕಾರ್ಟೂನ್ ಥರ ಮಾಡಿಸೋ ಘಿಬ್ಲಿ ಹುಚ್ಚು, ಸೆಪ್ಟೆಂಬರಲ್ಲಿ ಫೋಟೋಗೆ ಸೀರೆ ಉಡಿಸೋ ಜೆಮಿನಿಯ ಹುಚ್ಚು, ಮದುವೆ ಗ್ರೂಪ್ ಫೋಟೋಗಳು ಹಾಗೇ ಹೋದ್ವು, ಅದ್ರಲ್ಲಿ ಹಿಂದೆ ನಿಂತ ಮಕ್ಕಳು, ಊಟ ಬಡಿಸ್ತಿದ್ದ ಹುಡುಗ ಎಲ್ಲ ಸೇರಿ. ತಮಾಷೆಗೆ ಮಾಡಿದ್ದು ಸರಿ, ಅದೇ ತಂತ್ರ ಕೆಟ್ಟೋನ ಕೈಗೆ ಸಿಕ್ರೆ ಏನಾಗುತ್ತೆ ಅಂತ 2023ರ ನವೆಂಬರಲ್ಲೇ ನೋಡಿದ್ವಿ, ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಮುಖನ ಬೇರೆ ಹುಡುಗಿಯೊಬ್ಬಳ ವಿಡಿಯೋಗೆ ಅಂಟಿಸಿ ಬಿಟ್ಟಿದ್ರು. ಎಲ್ರೂ ರಶ್ಮಿಕಾ ಬಗ್ಗೆ ಮಾತಾಡಿದ್ರು, ನ್ಯಾಯನೇ, ಆದ್ರೆ ಆ ಮೈ ಯಾರದ್ದೋ ಆ ಇನ್ನೊಬ್ಬಳಿಗೂ ಅನ್ಯಾಯ ಆಗಿತ್ತು. ಅದೇ ವರ್ಷ ಡಿಸೆಂಬರಲ್ಲಿ ಇನ್ಫೋಸಿಸ್ ನಾರಾಯಣ ಮೂರ್ತಿ ಅವರೂ, ನಾನು ಯಾವ ಟ್ರೇಡಿಂಗ್ ಆ್ಯಪನ್ನೂ ಹೊಗಳಿಲ್ಲ, ನನ್ನ ಹೆಸರಲ್ಲಿ ಓಡಾಡ್ತಿರೋ ವಿಡಿಯೋ ಡೀಪ್‌ಫೇಕ್ ಅಂತ ಹೇಳಬೇಕಾಯ್ತು. ಮುಖ ಅವರದ್ದು, ದುಡ್ಡು ಹೋಗೋದು ನಂಬಿದ ರಿಟೈರ್ಡ್ ಮೇಷ್ಟ್ರದ್ದು.

ಇನ್ನೊಂದು ವಿಚಿತ್ರ ಇದೆ, ಡೇಟಾ ಹಾಕದೆ ಇದ್ರೂ ಆಗೋ ತೊಂದರೆ. ನಾರ್ವೆಯ ಒಬ್ಬ ಸಾಮಾನ್ಯ ಮನುಷ್ಯ ತನ್ನ ಹೆಸರು ಟೈಪ್ ಮಾಡಿ ನಾನ್ಯಾರು ಅಂತ ಚಾಟ್‌ಜಿಪಿಟಿನ ಕೇಳಿದಾಗ, ನೀನು ನಿನ್ನ ಇಬ್ರು ಮಕ್ಕಳನ್ನ ಕೊಂದು 21 ವರ್ಷ ಜೈಲು ಶಿಕ್ಷೆ ಆದವನು ಅಂತು. ಕೊಲೆ ಪೂರ್ತಿ ಕಟ್ಟುಕತೆ, ಆದ್ರೆ ಅವನ ಊರಿನ ಹೆಸರು, ಮಕ್ಕಳ ಸಂಖ್ಯೆ, ಗಂಡೋ ಹೆಣ್ಣೋ ಅನ್ನೋದು ಸರಿ ಇತ್ತು. 2025ರ ಮಾರ್ಚಲ್ಲಿ ನಾಯ್ಬ್ ಅನ್ನೋ ಯುರೋಪಿನ ಸಂಸ್ಥೆ ಅವನ ಪರ ದೂರು ಕೊಡ್ತು. ಮುಂದಿನ ಪದ ಊಹೆ ಮಾಡೋ ಯಂತ್ರ ಅಂದೆನಲ್ಲ, ನಿಜಾನೂ ಸುಳ್ಳೂ ಅದಕ್ಕೆ ಒಂದೇ ಧಾಟಿ. ನ್ಯೂಯಾರ್ಕಲ್ಲಿ 2023ರ ಜೂನಲ್ಲಿ ಇಬ್ರು ವಕೀಲರಿಗೂ ಅವರ ಸಂಸ್ಥೆಗೂ ಸೇರಿ 5,000 ಡಾಲರ್ ದಂಡ ಬಿದ್ದಿದ್ದು ಇದಕ್ಕೇ, ಎಐ ಹುಟ್ಟಿಸಿದ ಇಲ್ಲದ ತೀರ್ಪುಗಳನ್ನ ನಿಜ ಅಂತ ಕೋರ್ಟಿಗೆ ಕೊಟ್ಟಿದ್ರು.

ಯಂತ್ರಕ್ಕೆ ಪಾಠ ಹೇಳಿದೋರ ವಿಷಯ ಸಣ್ಣದಾಗಿ ಹೇಳಿ ಬಿಡ್ತೀನಿ, ಅದಕ್ಕೇ ಒಂದು ಬೇರೆ ಲೇಖನ ಬೇಕು. ಚಾಟ್‌ಜಿಪಿಟಿ ಕೆಟ್ಟ ಮಾತಾಡದ ಹಾಗೆ ಮಾಡೋಕೆ ಕೆನ್ಯಾದಲ್ಲಿ ಕೆಲಸಗಾರರು ಹಿಂಸೆ, ಅತ್ಯಾಚಾರದ ವಿವರಗಳನ್ನ ದಿನಾ ಓದಿ ಲೇಬಲ್ ಹಾಕಿದ್ರು, ಕೈಗೆ ಸಿಕ್ಕಿದ್ದು ಗಂಟೆಗೆ 2 ಡಾಲರಿಗಿಂತ ಕಮ್ಮಿ ಅಂತ 2023ರ ಜನವರಿಯಲ್ಲಿ ಟೈಮ್ ಪತ್ರಿಕೆ ಬರೀತು. ಬೆಂಗಳೂರಿನ ಕಾರ್ಯ ಅನ್ನೋ ಸಂಸ್ಥೆ ಹಳ್ಳಿ ಜನರಿಂದ ಕನ್ನಡ ಓದಿಸಿ ರೆಕಾರ್ಡ್ ಮಾಡಿಸೋದಕ್ಕೆ ಗಂಟೆಗೆ ಸುಮಾರು 5 ಡಾಲರ್ ಕೊಡುತ್ತೆ, ಅಂದ್ರೆ ಮನಸ್ಸಿದ್ರೆ ಬೇರೆ ಥರ ಮಾಡೋಕಾಗುತ್ತೆ. ಪುಸ್ತಕ ಬರೆದವರ ವಿಷಯದಲ್ಲೂ ಹಾಗೇ, ಕದ್ದ ಪ್ರತಿಗಳನ್ನ ಇಳಿಸಿಕೊಂಡ ಕೇಸಲ್ಲಿ ಎಐ ಮಾಡೋ ಆಂಥ್ರೊಪಿಕ್ ಕಂಪನಿ 2025ರ ಸೆಪ್ಟೆಂಬರಲ್ಲಿ 150 ಕೋಟಿ ಡಾಲರಿಗೆ ರಾಜಿ ಆಯ್ತು, ಪುಸ್ತಕಕ್ಕೆ ಸುಮಾರು 3,000 ಡಾಲರ್ ಲೆಕ್ಕ. ಇಲ್ಲೂ ಮೊದ್ಲು ತಗೊಂಡು ಆಮೇಲೆ ಕೇಳಿದ್ದು, ನಾವು ದೊಡ್ಡಮ್ಮನಿಗೆ ಮಾಡಿದ ಹಾಗೇನೇ.

ಹಾಗಂತ ನಾನು ಎಐ ಬಿಟ್ಟಿಲ್ಲ, ಬಿಡೋದೂ ಇಲ್ಲ. ಶುಕ್ರವಾರ ರಾತ್ರಿ ಡಾಕ್ಟ್ರು ಸಿಗದೆ ಇರೋವಾಗ ಒಂದು ಪದದ ಅರ್ಥ ತಿಳ್ಕೊಳ್ಳೋದು ತಪ್ಪಲ್ಲ. ಆದ್ರೆ ಬೆಥೆಸ್ಡಾ 3 ಅಂದ್ರೇನು ಅಂತ ಕೇಳೋಕೆ ರಿಪೋರ್ಟೇ ಬೇಕಿರ್ಲಿಲ್ಲ, ಆ ಎರಡು ಪದ ಟೈಪ್ ಮಾಡಿದ್ರೆ ಸಾಕಿತ್ತು, ಬೇಕಿದ್ರೆ "ಅರವತ್ತು ದಾಟಿದ ಹೆಂಗಸು" ಅಂತ ಸೇರಿಸಬಹುದಿತ್ತು. ಈಗ ನಾನು ಹಾಗೇ ಮಾಡೋದು, ಫೈಲ್ ಹಾಕಲ್ಲ, ಪ್ರಶ್ನೆ ಕೇಳ್ತೀನಿ. ಚಾಟ್‌ಜಿಪಿಟಿ ಸೆಟ್ಟಿಂಗ್ಸಲ್ಲಿ ಡೇಟಾ ಕಂಟ್ರೋಲ್ಸ್ ಒಳಗೆ "ಇಂಪ್ರೂವ್ ದ ಮಾಡೆಲ್ ಫಾರ್ ಎವ್ರಿವನ್" ಅಂತ ಒಂದು ಬಟನ್ ಇರುತ್ತೆ, ಹೆಸರು ನೋಡಿ ಎಷ್ಟು ಪರೋಪಕಾರ, ಅದನ್ನ ಆಫ್ ಮಾಡಿದ್ರೆ ಅಲ್ಲಿಂದ ಮುಂದಿನ ಚಾಟ್‌ಗಳು ಟ್ರೈನಿಂಗಿಗೆ ಹೋಗಲ್ಲ. ಟೆಂಪರರಿ ಚಾಟ್ ಬಳಸಿದ್ರೆ ಹಿಸ್ಟರಿಯಲ್ಲೂ ಉಳಿಯಲ್ಲ, ಆದ್ರೂ ಸರ್ವರಲ್ಲಿ 30 ದಿನ ಇಟ್ಕೋಬಹುದು. ಜೆಮಿನಿಯಲ್ಲಿ ಆ್ಯಕ್ಟಿವಿಟಿ ಆಫ್ ಮಾಡಿದ್ರೂ 72 ಗಂಟೆ ಇಟ್ಕೊಳ್ಳುತ್ತೆ. ಇಂಥ ಬಟನ್‌ಗಳ ಜಾಗ, ಹೆಸರು ಆಗಾಗ ಬದಲಾಗುತ್ತೆ, ಹುಡುಕ್ಬೇಕು.

ಹೋದ ತಿಂಗಳು ದೊಡ್ಡಮ್ಮನ ಫಾಲೋಅಪ್ ರಿಪೋರ್ಟ್ ಬಂತು. ಈ ಸಲ ಅತ್ತಿಗೆ ಬಹಳ ಹುಷಾರು, ಮೊದ್ಲು ದೊಡ್ಡಮ್ಮನನ್ನ ಕೇಳಿದ್ರು, ಆಮೇಲೆ ಫೋನಲ್ಲೇ ಹೆಸರು, ನಂಬರು, ಐಡಿ ಎಲ್ಲದಕ್ಕೂ ಕಪ್ಪು ಬಳಿದು, ಹಾಕ್ಲಾ ಅಂತ ಮೊದಲು ನನಗೆ ಕಳಿಸಿದ್ರು. ಚೆನ್ನಾಗೇ ಬಳಿದಿದ್ರು, ಒಂದಕ್ಷರ ಕಾಣ್ತಿರ್ಲಿಲ್ಲ. ಕೆಳಗೆ ಬಲಗಡೆ ಮೂಲೇಲಿ ಲ್ಯಾಬಿನವರ ಕ್ಯೂಆರ್ ಕೋಡ್ ಇತ್ತು, ಬೆರಳುಗುರಿನಷ್ಟು ಚಿಕ್ಕದು. ನನ್ನ ಫೋನ್ ಕ್ಯಾಮೆರಾ ಹಿಡಿದೆ. ಪಾಸ್‌ವರ್ಡ್ ಇಲ್ಲ ಓಟಿಪಿ ಇಲ್ಲ, ಪೂರ್ತಿ ರಿಪೋರ್ಟ್ ಓಪನ್ ಆಯ್ತು, ಮೇಲೆ ದಪ್ಪಕ್ಷರದಲ್ಲಿ ದೊಡ್ಡಮ್ಮನ ಹೆಸರು, ಪಕ್ಕದಲ್ಲಿ ವಯಸ್ಸು, ಕೆಳಗೆ ಮೊಬೈಲ್ ನಂಬರು.